ಚೌಕಟ್ಟಿನಂಚಿನ ಕೈ

"ನಿಮ್ಮಮ್ಮ ಬರೋ ಹೊತ್ತಿಗೆ ನನಗೇನಾದ್ರೂ ಕಣ್ಣು ಹತ್ತಿದ್ರೆ ಎಬ್ಬಿಸು. ಮರೀಬೇಡ" ಎಂದು ಅಪ್ಪ ಕನ್ನಡಿಗೆ ಹೇಳಿದ. ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಅಪ್ಪನ ಬೂಟಿಗೆ ಲೇಸು ಪೋಣಿಸುತ್ತಿದ್ದ ಮಗನ ಕೈ ಹಾಗೇ ನಿಂತಿತು. ಅಮ್ಮ ಸತ್ತು ಒಂದು ಚಳಿಗಾಲ ಕಳೆದು ಇನ್ನೊಂದು ಬಂದಿದೆ. ಅಪ್ಪನಿಗೆ ಈಚೆಗೆ ಕೂತಲ್ಲಿ ನಿದ್ದೆ. ಬಸ್ಸಿನಲ್ಲಿ, ಕ್ಷೌರದಂಗಡಿಯ ಕುರ್ಚಿಯಲ್ಲಿ, ತುತ್ತು ಬಾಯಲ್ಲಿದ್ದ ಹಾಗೇ ನಿದ್ದೆ. ಈಗ ಬುದ್ಧಿಯೂ ಜಾರಿತೇನೋ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಬುದ್ಧಿ ಜಾರಿದವನಿಗೆ ಏನು ಕಾಣೆಯಾದರೂ ತಿಳಿಯದೆಂಬ ಒಂದಿಷ್ಟು ಸಮಾಧಾನವೂ ಬೆರೆತಿತ್ತು ಎಂಬುದು ಆಮೇಲೆ ಹೊಳೆದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಪ್ಪನ ಬುದ್ಧಿ ನೆಟ್ಟಗೇ ಇತ್ತು.

"ಯಾರಪ್ಪಾ ಬರೋದು?"

"ಇನ್ಯಾರೋ? ಅವಳ ಆ ಕೈ. ನನ್ನ ಪಿಕ್ಚರಿನ ಕೊನೇ ರೀಲಲ್ಲಿ ನಾನು ಗೋಡೆ ಹತ್ರ ಉಸಿರು ಕಟ್ಟಿ ಒದ್ದಾಡ್ತಿರ್ತೀನಲ್ಲ, ಆಗ ಬರುತ್ತಲ್ಲ." ಅಪ್ಪ ಗಲ್ಲದ ಕೆಳಗೆ ಬ್ಲೇಡಿನಿಂದ ತಪ್ಪಿಸಿಕೊಂಡ ಬಿಳಿ ಕೂದಲನ್ನು ಬೆರಳಲ್ಲಿ ತಡಕಿದ. "ಫೋಟೋದಲ್ಲೆಲ್ಲ ನಿಂತಿರ್ತಾಳೆ ಕಣೋ, ಯಾರೋ ಅಲ್ಲಾಡಬೇಡ ಅಂದ ಹಾಗೆ. ಅಲ್ಲಿ ಓಡಿ ಬರ್ತಾಳೆ."

ಆ ಕೈಯನ್ನು ಅವನು ಒರೆಸಿಹಾಕಿದ್ದ. ತನ್ನ ಕೈಯಾರೆ, ರೀಲಿನ ಒಂದೊಂದೇ ಚಿತ್ರದಿಂದ, ಮಧ್ಯಾಹ್ನದ ಊಟದ ಹೊತ್ತಿನಲ್ಲೂ ಎದ್ದು ಹೋಗದೆ, ಬೆನ್ನು ಹಿಡಿದುಕೊಂಡರೂ ಬಿಡದೆ. ಹೇಳಿಬಿಡಬೇಕು, ಈಗಲೇ, ಲೇಸು ಕಟ್ಟುವಷ್ಟರಲ್ಲಿ, ಎಂದುಕೊಂಡ. ಅಪ್ಪ ಕಾಲು ಮುಂದೆ ಚಾಚಿದ. ಅವನು ಲೇಸು ಕಟ್ಟಿದ, ಬಿಗಿಯಾಯಿತೆಂದು ಅಪ್ಪ ಹೇಳಿದ್ದಕ್ಕೆ ಬಿಚ್ಚಿ ಇನ್ನೊಮ್ಮೆ ಕಟ್ಟಿದ, ಎದ್ದು ನಿಂತ. ಹೇಳಲಿಲ್ಲ.

ಹಳೆಯ ಸಿನಿಮಾ ರೀಲುಗಳನ್ನು ಕಂಪ್ಯೂಟರಿಗೆ ಇಳಿಸಿ ತೊಳೆದು ಕೊಡುವ ಅಂಗಡಿಯಲ್ಲಿ ಅವನಿಗೆ ಕೆಲಸ. ತೊಳೆಯುವುದಕ್ಕೆ ನೀರಿಲ್ಲ, ಸೋಪಿಲ್ಲ. ಪರದೆಯ ಮೇಲೆ ಚಿತ್ರವನ್ನು ನಿಲ್ಲಿಸಿಕೊಂಡು ಧೂಳು, ಗೀರು, ಬೂಷ್ಟಿನ ಕಲೆ ಎಲ್ಲಿದೆಯೆಂದು ಹುಡುಕಿ, ಹಿಂದಿನ ಚಿತ್ರದಿಂದಲೋ ಮುಂದಿನ ಚಿತ್ರದಿಂದಲೋ ಅಷ್ಟೇ ಅಗಲದ ತುಣುಕು ಕದ್ದು ತಂದು ಅದರ ಮೇಲೆ ಮುಚ್ಚುವುದು. ಸೇರಿಸಿಕೊಂಡ ದಿನವೇ ಅಂಗಡಿಯ ಯಜಮಾನ ಹೇಳಿದ್ದ: "ಸಿನಿಮಾ ಮೇಲೆ ಬಿದ್ದಿರೋದನ್ನ ತೆಗಿ. ಸಿನಿಮಾ ಒಳಗಿರೋದನ್ನ ಮುಟ್ಟಬೇಡ, ಅದೆಷ್ಟೇ ದರಿದ್ರವಾಗಿರಲಿ." ಆ ಕಟ್ಟಳೆಯನ್ನು ಅವನು ಮೀರಿದವನೇ ಅಲ್ಲ, ಅಪ್ಪನ ಸಿನಿಮಾ ಬರುವ ತನಕ. ಮುಚ್ಚಿಹೋದ ಯಾವುದೋ ಟಾಕೀಸಿನ ಉಗ್ರಾಣದಲ್ಲಿ ಸಿಕ್ಕಿದ ತಗಡಿನ ಡಬ್ಬಗಳು. ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಗುದ್ದಿತು. ಲೋಕದಲ್ಲಿ ಉಳಿದಿದ್ದ ಪ್ರತಿ ಅದೊಂದೇ. "ಇದು ಇದರ ಕೊನೇ ಓಟ" ಎಂದ ಯಜಮಾನ, ರೀಲನ್ನು ಯಂತ್ರಕ್ಕೆ ಏರಿಸುತ್ತ, ಮುದಿ ಕುದುರೆಯ ಬೆನ್ನು ಸವರುವವನ ಹಾಗೆ. ಓಡಿ ಮುಗಿಸಿದ ಮೇಲೆ ನಿಜವಾಗಿಯೂ ಅದು ಸುರುಳಿ ಸುರುಳಿಗೆ ಅಂಟಿಕೊಂಡು ಮೇಣದ ಮುದ್ದೆಯಾಗಿ ಕೂತಿತು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತ. ಇಸ್ತ್ರಿ ಮಾಡಿದ ಅಂಗಿ ಮುದುಡೀತೆಂದು ಬೆನ್ನು ಒರಗಿಸಲಿಲ್ಲ. ಆ ಜಾಗ ಬಿಟ್ಟುಕೊಟ್ಟು ಮುಂದಿನ ಸೀಟಿಗೆ ಹೋದ ಹೆಂಗಸಿಗೆ, ಯಾರೂ ಕೇಳದಿದ್ದರೂ, "ನನ್ನ ಪಿಕ್ಚರ್ ಇದೆ ಇವತ್ತು" ಎಂದ. ಹೆಂಗಸು ಅಪ್ಪನ ಮುಖವನ್ನು ನೋಡಿ, ಇದು ಯಾವ ಪಿಕ್ಚರಿನಲ್ಲೂ ಇರಬಹುದಾದ ಮುಖವಲ್ಲವೆಂದು ಖಾತ್ರಿ ಮಾಡಿಕೊಂಡು, ಮುಗುಳ್ನಕ್ಕು ತಿರುಗಿದಳು. ಅವನ ಕಿವಿ ಕಾದವು. ಇವಳ ಅಪ್ಪ ಏನು ಕಡಿದು ಗುಡ್ಡೆ ಹಾಕಿದ್ದಾನೋ. ಸರಿ, ಮುಖ ಕಾಣಿಸಿರಲಿಲ್ಲ, ಒಪ್ಪಿದೆ; ಆ ಸಿನಿಮಾದಲ್ಲಿ ಅಪ್ಪ ಕೆಸರುರಾಕ್ಷಸನಾಗಿದ್ದ. ಗೋಣಿತಾಟಿನ ಮೇಲೆ ಲಾರಿ ಟ್ಯೂಬಿನ ರಬ್ಬರನ್ನು ಚಿಪ್ಪು ಚಿಪ್ಪಾಗಿ ಹೊಲಿದು, ಒಳಗೆ ಹಾಸಿಗೆಯ ಸ್ಪಂಜು ತುಂಬಿ, ಕಣ್ಣಿನ ಜಾಗಕ್ಕೆ ಬೈಸಿಕಲ್ಲಿನ ಹಿಂದಿನ ದೀಪ ಕೂರಿಸಿದ ವೇಷ. ಹೊಲಿದವಳು ಅಮ್ಮ. ಆ ಕಂಪನಿಯಲ್ಲಿ ದರ್ಜಿಯೂ ಅವಳೇ, ಇಸ್ತ್ರಿಯವಳೂ ಅವಳೇ, ಚಹಾ ಕಾಯಿಸುವವಳು ಬರದ ದಿನ ಅದೂ ಅವಳೇ. ಬೆನ್ನಿಗೆ ಡೇರೆಯಿಂದ ಕಿತ್ತ ಜಿಪ್ಪು. ಅದು ಹೊರಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು, ಅದೂ ಮೊದಲು ತುಸು ಮೇಲಕ್ಕೆ ಎತ್ತಿ ಆಮೇಲೆ ಕೆಳಕ್ಕೆಳೆದರೆ ಮಾತ್ರ, ಅದೂ ಅಮ್ಮನಿಗೆ ಮಾತ್ರ.

"ಚಂದ್ರ ಬರ್ತಾನಲ್ಲ, ಅದು ನಮ್ಮನೆ ಜರಡಿ" ಎಂದ ಅಪ್ಪ. "ಕಾಗದ ಅಂಟಿಸಿ ಹಿಂದೆ ಬಲ್ಬು ಇಟ್ಟಿದ್ರು. ನಿಮ್ಮಮ್ಮ ಹದಿನೈದು ದಿನ ಹಿಟ್ಟು ಜರಡಿ ಹಿಡೀದೆ ಅಡುಗೆ ಮಾಡಿದ್ಲು. ಡೈರೆಕ್ಟರು ಹೇಳೋನು, ಕತ್ತಲೆ ಅಂತ ನೀವು ಅಂದ್ಕೊಳ್ರಯ್ಯ, ಜನಾನೂ ಅಂದ್ಕೊಳ್ತಾರೆ ಅಂತ. ನಡುಮಧ್ಯಾಹ್ನ ಕಣೋ, ನೆತ್ತಿ ಸುಡ್ತಿದೆ, ಹೀರೋಯಿನ್ನು ಲಾಟೀನು ಹಿಡ್ಕೊಂಡು ಬರ್ತಿದ್ದಾಳೆ!" ಅಪ್ಪ ಉಸಿರು ಸಿಗದಷ್ಟು ನಕ್ಕ. ಆ ಲಾಟೀನಿನ ದೃಶ್ಯದಲ್ಲಿ ಹೀರೋಯಿನ್ನಿನ ನೆರಳು ಅವಳ ಕಾಲಡಿಯಲ್ಲೇ ಕಪ್ಪಗೆ ಮುದುಡಿ ಬಿದ್ದಿರುವುದನ್ನೂ, ಆಕಾಶದ ಮೂಲೆಯಲ್ಲಿ ಹದ್ದೊಂದು ಆರಾಮಾಗಿ ಸುತ್ತುತ್ತಿರುವುದನ್ನೂ ಅವನು ಅಂಗಡಿಯಲ್ಲಿ ಕೂತು ನೋಡಿದ್ದ. ಹದ್ದಿನ ಸುತ್ತಲಿನ ಧೂಳನ್ನಷ್ಟೇ ತೆಗೆದು ಹದ್ದನ್ನು ಬಿಟ್ಟಿದ್ದ. ಚಕ್ರದ ಹಲಗೆಯ ಮೇಲೆ ಇಟ್ಟು ಎಳೆದಾಡುತ್ತಿದ್ದ ಒಂದೇ ಒಂದು ಮರ, ಕಾಡಿನುದ್ದಕ್ಕೂ ಹೀರೋವಿನ ಬೆನ್ನು ಬಿಡದೆ ಬರುತ್ತಿತ್ತು, ಅದನ್ನೂ ಬಿಟ್ಟಿದ್ದ. ಎಲ್ಲವನ್ನೂ ಬಿಟ್ಟವನು ಅದೊಂದರಲ್ಲಿ ಮಾತ್ರ ಕೈ ಹಾಕಿದ್ದ.

ಆ ಕೈ ಹೇಗೆ ಬಂತೆಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಕೊನೆಯ ದೃಶ್ಯದಲ್ಲಿ ಒದ್ದೆ ಹುಲ್ಲಿನ ಹೊಗೆ ವೇಷದೊಳಗೆ ನುಗ್ಗಿ ಅಪ್ಪನಿಗೆ ನಿಜಕ್ಕೂ ಉಸಿರು ಕಟ್ಟಿತು. ಒದ್ದಾಟ ಚೆನ್ನಾಗಿ ಬರುತ್ತಿದೆಯೆಂದು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಮ್ಮನೊಬ್ಬಳು ಎಲ್ಲಿಂದಲೋ ಓಡಿಬಂದು ಕ್ಯಾಮೆರಾದ ಮುಂದೆಯೇ ಕೈ ಹಾಕಿ ಜಿಪ್ಪು ಎಳೆದಳು. ಚಿತ್ರದ ಅಂಚಿನಿಂದ ಒಂದು ಕೈ ಬರುತ್ತದೆ, ತೋಳು ಮೇಲಕ್ಕೆ ಮಡಚಿದ್ದು, ಮಣಿಕಟ್ಟಿಗೆ ಸೂಜಿಗಳು ಚುಚ್ಚಿದ ಪುಟ್ಟ ಮೆತ್ತೆ ಕಟ್ಟಿದ್ದು. ರಾಕ್ಷಸನ ಬೆನ್ನನ್ನು ತಡಕುತ್ತದೆ, ಮೇಲಕ್ಕೆತ್ತಿ ಕೆಳಕ್ಕೆಳೆಯುತ್ತದೆ. ಮತ್ತೆ ತೆಗೆಯಲು ಫಿಲ್ಮು ಉಳಿದಿರಲಿಲ್ಲ. ಹಾಗೇ ಬಿಟ್ಟರು. ಅದು ಬಂದಾಗಲೆಲ್ಲ ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಗುತ್ತಿತ್ತು. ಅವನು ಶಾಲೆಯ ಹುಡುಗರ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದ. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು, ಅವಳ ಭುಜಗಳು ಅಲುಗುತ್ತಿದ್ದವು. ಮರುದಿನದಿಂದ ಹಿಂದಿನ ಬೆಂಚಿನಿಂದ ಕೈಗಳು ಚಾಚಿ ಬಂದವು. ಲೆಕ್ಕದ ಕ್ಲಾಸಿನಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ಕಾಲರು ಹಿಡಿದು "ಅಯ್ಯೋ ರೀ, ಉಸಿರು ಕಟ್ತಾ?" ಎಂದು ಹೆಣ್ಣು ದನಿ ತೆಗೆದು. ಒಬ್ಬನ ಮೂಗಿಗೆ ಡಸ್ಟರಿನ ಮರದ ಬೆನ್ನಿನಿಂದ ಬಾರಿಸಿದ. ತಂದೆಯನ್ನು ಕರೆದುಕೊಂಡು ಬಂದರೆ ಮಾತ್ರ ಒಳಗೆ ಎಂದರು. ಆ ರಾಕ್ಷಸನನ್ನು ಮತ್ತೆ ಅವರ ಮುಂದೆ ನಿಲ್ಲಿಸುವುದೇ? ಅವನು ಆ ಗೇಟಿನೊಳಗೆ ಮತ್ತೆ ಕಾಲಿಡಲಿಲ್ಲ. ಓದು ಅಲ್ಲಿಗೆ ಮುಗಿಯಿತು, ಸಿಟ್ಟು ಮುಗಿಯಲಿಲ್ಲ.

ಹಾಗಾಗಿ ಆ ಕೈ ಅವನ ಪರದೆಯ ಮೇಲೆ ಬಂದು ನಿಂತಾಗ ಅವನಿಗೆ ಕಂಡದ್ದು ಅಮ್ಮನಲ್ಲ, ಅಲುಗುವ ಆ ಭುಜಗಳು. ಇನ್ನು ಯಾವ ಬೇವಾರ್ಸಿಯೂ ಇವಳನ್ನು ನೋಡಿ ನಗಬಾರದು. ಬೆರಳ ತುದಿಯಿಂದ ಶುರು ಮಾಡಿದ. ಹಿಂದಿನ ಚಿತ್ರದ ಗೋಡೆಯನ್ನು ಕದ್ದು ತಂದು ಬೆರಳಿನ ಮೇಲೆ ಮುಚ್ಚಿದ, ಮೆತ್ತೆಯ ಮೇಲೆ ಮುಚ್ಚಿದ, ಮಡಚಿದ ತೋಳಿನ ಮೇಲೆ ಮುಚ್ಚಿದ. ಇಷ್ಟು ಅಚ್ಚುಕಟ್ಟಾದ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ. ಓಡಿಸಿ ನೋಡಿದರೆ ಗೋಡೆ ಬರೀ ಗೋಡೆಯಾಗಿತ್ತು. ಅವತ್ತು ಅವನಿಗೆ ಆಸ್ಪತ್ರೆಯಲ್ಲಿ ಅಮ್ಮನ ಮೈ ಮೇಲಿಂದ ಜಾರಿದ ಹೊದಿಕೆಯನ್ನು ಮೇಲಕ್ಕೆಳೆದು ಸರಿ ಮಾಡಿದ ಹಾಗನ್ನಿಸಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ.

"ಅವತ್ತು ಟಾಕೀಸಲ್ಲಿ," ಅವನು ಅಪ್ಪನ ಕಡೆ ತಿರುಗದೆ ಕೇಳಿದ, "ಎಲ್ಲರೂ ನಗ್ತಿದ್ದಾಗ ಅಮ್ಮ ಅಳ್ತಿದ್ಲಲ್ಲ."

"ಯಾರು? ನಿಮ್ಮಮ್ಮನಾ?" ಅಪ್ಪ ಬೆಪ್ಪಾಗಿ ನೋಡಿದ. "ಅಳೋದಾ! ನಕ್ಕು ನಕ್ಕು ನನ್ನ ತೊಡೆ ಚಿವುಟಿ ಕಪ್ಪು ಕಟ್ಟಿಸಿದ್ಲು. 'ನೋಡ್ರೀ, ನಿಮ್ಮ ಹೀರೋಯಿನ್ನಿಗಿಂತ ನನಗೇ ಜಾಸ್ತಿ ಶಿಳ್ಳೆ' ಅಂತ. ಆಮೇಲೆ ಎಷ್ಟೋ ದಿನ ನಾನೇನಾದ್ರೂ ಎಗರಾಡಿದ್ರೆ ಬೆನ್ನ ಹಿಂದೆ ಬಂದು ಜಿಪ್ಪು ಎಳೆಯೋ ಹಾಗೆ ಮಾಡೋಳು. ಅಲ್ಲಿಗೆ ನನ್ನ ಸಿಟ್ಟು ಠುಸ್."

"ನಾನು ಯಾವತ್ತೂ ನೋಡ್ಲಿಲ್ವಲ್ಲ."

"ನಿನ್ನ ಮುಂದೆ ಎಲ್ಲಿ? ನೀನು ಆ ಪಿಕ್ಚರ್ ಹೆಸರೆತ್ತಿದ್ರೆ ತಟ್ಟೆ ಎಸೀತಿದ್ದೆ. ಅವಳೇ ಅಂದ್ಲು, ಮಗುಗೆ ನೋವಾಗುತ್ತೆ, ಇವನ ಮುಂದೆ ಬೇಡ ಅಂತ." ಅಪ್ಪ ಕಿಟಕಿಯಾಚೆ ನೋಡಿದ. "ಆಮೇಲೆ ಅದೇ ರೂಢಿ ಆಗೋಯ್ತು ಬಿಡು."

ಬಸ್ಸು ಯಾವುದೋ ಗುಂಡಿಗೆ ಇಳಿದು ಹತ್ತಿತು. ಮನೆಯಲ್ಲಿ ತಾನು ಕಾಲಿಟ್ಟ ಕೂಡಲೇ ಅಡುಗೆಮನೆಯೊಳಗಿನ ನಗು ಥಟ್ಟನೆ ನಿಂತದ್ದು ಅವನಿಗೆ ನೆನಪಾಯಿತು. ಎಷ್ಟೋ ಸಲ ಹಾಗಾಗಿತ್ತು. ಅವರು ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆಂದುಕೊಂಡು ಅವನು ಚಪ್ಪಲಿಯನ್ನು ಗೋಡೆಗೆ ಒದ್ದಿದ್ದ.

ತನ್ನ ಅಂಗಡಿ ಇರುವ ಸ್ಟಾಪಿನಲ್ಲಿ ಅವನು, ಚಾರ್ಜರು ಮರೆತಿದ್ದೀನಿ ಎಂದು ಸುಳ್ಳು ಹೇಳಿ, ಅಪ್ಪನನ್ನು ಇಳಿಸಿ ಬಿಸಿಲಿನ ಬೆಂಚಿನ ಮೇಲೆ ಕೂರಿಸಿ, ಮೆಟ್ಟಿಲು ಹಾರಿ ಹತ್ತಿದ. ಯಜಮಾನ ಕೀಲಿಮಣೆಯನ್ನು ಬೋರಲು ಹಾಕಿ ತಟ್ಟಿ ಬಿಸ್ಕೆಟ್ಟಿನ ಪುಡಿ ಉದುರಿಸುತ್ತಿದ್ದ.

"ಸಾರ್, ಕೆಸರುರಾಕ್ಷಸಂದು ತೊಳೆಯೋಕೆ ಮುಂಚಿನ ಕಾಪಿ ಇದೆಯಾ?"

"ಪಾರ್ಟಿ ಓಕೆ ಅಂದ ಮೇಲೆ ಇಟ್ಕೊಳ್ಳೋಕೆ ಇದೇನು ಗೋಡೌನಾ? ಮುಂದಿನ ಪಿಕ್ಚರಿಗೆ ಜಾಗ ಬೇಕು ಅಂತ ಅಳಿಸಿದ್ದು ನೀನೇ ಅಲ್ವೇನಯ್ಯ."

ಹೌದು. ಅಳಿಸಿದ್ದು ಅವನೇ. ಶಿಳ್ಳೆ ಹಾಕುತ್ತಾ ಅಳಿಸಿದ್ದ.

"ಆ ಡಬ್ಬಗಳು?"

ಯಜಮಾನ ಗಲ್ಲದಿಂದ ಕಿಟಕಿಯ ಕಡೆ ತೋರಿಸಿದ. ತೊಳೆದ ತಗಡಿನ ಡಬ್ಬಗಳು ಹಿತ್ತಲ ಗೋಡೆಯ ಮೇಲೆ ಬೋರಲಾಗಿ ಒಣಗುತ್ತಿದ್ದವು. "ಒಳಗಿದ್ದ ಮುದ್ದೆಯನ್ನ ಕಸದವರು ಮೂಗು ಮುಚ್ಕೊಂಡು ಎತ್ಕೊಂಡು ಹೋದ್ರು. ಯಾಕೆ, ಏನು ಕೈಕೊಟ್ಟಿದೆ?"

"ಏನಿಲ್ಲ."

"ಏನೋ ಇದೆ. ಮುಖ ಗೋಡೆ ಆದಂಗಾಗಿದೆ. ನೀರು ಕುಡಿ."

ನೀರು ಕುಡಿದ. ಕಿಟಕಿಯಿಂದ ಕೆಳಗೆ ಅಪ್ಪ ಕಾಣುತ್ತಿದ್ದ. ಬೆಂಚಿನ ತುದಿಯಲ್ಲಿ, ಬೆನ್ನು ಒರಗಿಸದೆ, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು, ಇಸ್ತ್ರಿ ಉಳಿಸಿಕೊಂಡು. ಇಳಿದು ಹೋಗಿ ಹೇಳುತ್ತೇನೆ ಎಂದುಕೊಂಡ. ಹೇಗೆ ಹೇಳಬೇಕೆಂದು ಮೆಟ್ಟಿಲ ಮೇಲೆ ಜೋಡಿಸಿಕೊಂಡ: ಅಪ್ಪಾ, ಆ ಕೈ ಇಲ್ಲ. ಇಷ್ಟೇ. ಚಿಕ್ಕ ಮಾತು. ಕೆಳಗೆ ಹೋದರೆ ಅಪ್ಪ ಜೇಬಿನಿಂದ ಬಾಚಣಿಗೆ ತೆಗೆದು, "ಹಿಂದೆ ಕೂದಲು ಎದ್ದಿದೆಯೇನೋ ನೋಡು" ಎಂದ. ಅವನು ಅಪ್ಪನ ಹಿಂದಲೆ ಬಾಚಿದ. ನಾಲ್ಕು ಕೂದಲು. ಅವು ಏಳುತ್ತಲೇ ಇದ್ದವು, ಅವನು ಬಾಚುತ್ತಲೇ ಇದ್ದ.

ಪ್ರದರ್ಶನ ಇದ್ದದ್ದು ಚಿತ್ರಮಂದಿರದಲ್ಲೇನೂ ಅಲ್ಲ, ಮಡಚುವ ಕುರ್ಚಿ ಹಾಕಿದ ಹಾಲಿನಲ್ಲಿ. ಕಾಲೇಜಿನ ವಯಸ್ಸಿನವರೇ ತುಂಬಿದ್ದರು. ಹಳೆಯ ಕಾಲದ ಅಂಗಿಗಳನ್ನು ಬೇಕೆಂದೇ ಹುಡುಕಿ ಹಾಕಿಕೊಂಡು ಬಂದಿದ್ದರು. ಕೊರಳಿಗೆ ಮಫ್ಲರು ಸುತ್ತಿಕೊಂಡ ಒಬ್ಬ ಯುವಕ ಮೈಕು ಹಿಡಿದು, "ಇದು ಕೆಟ್ಟ ಸಿನಿಮಾ. ಆದ್ರೆ ತುಂಬಾ ಪ್ರೀತಿಯಿಂದ ಕೆಟ್ಟಿದೆ. ನಗೋಕೆ ಯಾರೂ ಸಂಕೋಚ ಪಡಬೇಡಿ" ಎಂದ. ಅವನ ಹಲ್ಲು ಉದುರಿಸಬೇಕೆಂದು ಇವನ ಮುಷ್ಟಿ ತಾನಾಗಿ ಕಟ್ಟಿಕೊಂಡಿತು. "ಮತ್ತೆ ಇವತ್ತು ನಮ್ಮ ಜೊತೆ ಸಾಕ್ಷಾತ್ ರಾಕ್ಷಸರೇ ಬಂದಿದ್ದಾರೆ!" ಚಪ್ಪಾಳೆ. ಅಪ್ಪ ಎದ್ದು ನಿಂತ. ಕೂತರೆ ಸಾಕು ಅಪ್ಪಾ, ಬೇಡ, ಎಂದು ಅವನು ಒಳಗೊಳಗೇ ಬೇಡಿಕೊಳ್ಳುತ್ತಿದ್ದಂತೆ ಅಪ್ಪ ಎರಡೂ ಕೈಯನ್ನು ಪಂಜ ಮಾಡಿ ಎತ್ತಿ "ಗ್ರ್ರ್" ಎಂದ. ದನಿ ಹೊರಡಲಿಲ್ಲ, ಕೆಮ್ಮು ಬಂತು. ಹಾಲು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಅಪ್ಪ ಕೂತಾಗ ಕಣ್ಣು ಹೊಳೆಯುತ್ತಿತ್ತು.

ನಗು ಜರಡಿಯ ಚಂದ್ರನಿಂದಲೇ ಶುರುವಾಯಿತು. ಬೆನ್ನು ಬಿಡದ ಮರಕ್ಕೆ ನಕ್ಕರು, ಹದ್ದಿಗೆ ನಕ್ಕರು, ಹೊಗೆಯಲ್ಲಿ ಕೆಮ್ಮುತ್ತಲೇ ಪ್ರೇಮ ನಿವೇದಿಸುವ ಹೀರೋವಿಗೆ ನಕ್ಕರು. ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅಪ್ಪ. ಪಕ್ಕದ ಹುಡುಗಿಯ ಕಡೆ ಬಾಗಿ, "ಈಗ ನೋಡಮ್ಮ, ಮೀಸೆ" ಎನ್ನುತ್ತಿದ್ದ, ಹೀರೋ ತಿರುಗಿದಾಗ ಮೀಸೆ ಕೆನ್ನೆಗೆ ಜರುಗಿರುತ್ತಿತ್ತು, "ಅಯ್ಯೋ ಅಂಕಲ್!" ಎಂದು ಹುಡುಗಿ ಕುರ್ಚಿಯಿಂದ ಜಾರುತ್ತಿದ್ದಳು. ಅವನು ಕತ್ತಲಲ್ಲಿ ಆ ಮುಖಗಳನ್ನು ಒಂದೊಂದಾಗಿ ನೋಡಿದ, ಶಾಲೆಯ ಹುಡುಗರ ಹಲ್ಲುಗಳನ್ನು ಹುಡುಕಿದ. ಸಿಗಲಿಲ್ಲ. ಇವರು ನಗುತ್ತಿದ್ದದ್ದು ಬೇರೆ ಥರ. ಮದುವೆಮನೆಯಲ್ಲಿ ಚಿಕ್ಕಪ್ಪ ಕುಣಿದಾಗ ನಗುವ ಥರ. ಅಥವಾ ಅವತ್ತೂ ಹೀಗೇ ನಕ್ಕಿದ್ದರೇ, ತನಗೊಬ್ಬನಿಗೇ ಹಲ್ಲು ಕಂಡಿತ್ತೇ? ಈ ಯೋಚನೆಯನ್ನು ಅವನು ಅರ್ಧಕ್ಕೆ ಬಿಟ್ಟ, ಯಾಕೆಂದರೆ ಅದರ ಇನ್ನರ್ಧದಲ್ಲಿ ಅವನ ಇಷ್ಟು ವರ್ಷಗಳೆಲ್ಲ ಇದ್ದವು.

ಹೀರೋಯಿನ್ನು ಚೀರಿದಳು. ಕೊನೆಯ ರೀಲು. ಅಪ್ಪ ನಗುವುದನ್ನು ನಿಲ್ಲಿಸಿದ. ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿ ಹಾಕಿಕೊಂಡ, ಕಾಲರಿನ ಗುಂಡಿ ತಡಕಿ ನೋಡಿಕೊಂಡ, ಕುರ್ಚಿಯ ತುದಿಗೆ ಸರಿದ. ಯಾರನ್ನೋ ಕರೆದುಕೊಂಡು ಬರಲು ಸ್ಟೇಶನ್ನಿಗೆ ಹೋದವನು ಗಾಡಿ ಕಂಡಾಗ ಹೀಗೆ ಮಾಡುತ್ತಾನೆ. ಕಣ್ಣು ಪರದೆಯ ಮೇಲಿಟ್ಟೇ ಮಗನ ಮಣಿಕಟ್ಟು ಹಿಡಿದುಕೊಂಡ.

ಕೆಸರುರಾಕ್ಷಸ ಹೊಗೆಯೊಳಗಿಂದ ಬಂದು ಗೋಡೆಗೆ ತಾಗಿದ. ಬೆನ್ನಿನ ಕಡೆಗೆ ಎರಡೂ ಕೈ ಒಯ್ದ, ರಬ್ಬರಿನ ಪಂಜಗಳಿಗೆ ಎಟುಕಲಿಲ್ಲ. ಮೈ ಒದರಿದ. ಗೋಡೆಯನ್ನು ಬಡಿದ. ಇದೇ ಚಿತ್ರ, ಇದರ ಮುಂದಿನದು, ಈ ಅಂಚು, ಎಂದು ಅವನ ಬೆರಳುಗಳಿಗೆ ನೆನಪಿತ್ತು. ಅಂಚಿನಲ್ಲಿ ಗೋಡೆಯಿತ್ತು. ರಾಕ್ಷಸ ಇನ್ನೊಮ್ಮೆ ಬೆನ್ನು ತಡಕಿದ, ಮೊಣಕಾಲು ಮಡಚಿದ, ಯಾರೂ ಬರಲಿಲ್ಲ, ಗೋಡೆ ಅಷ್ಟು ಶುಭ್ರವಾಗಿ, ಅಷ್ಟು ಅಚ್ಚುಕಟ್ಟಾಗಿ ಖಾಲಿಯಿತ್ತು. ಆಮೇಲೆ ತಲೆ ಮುಂದಕ್ಕೆ ವಾಲಿತು. ಜಿಪ್ಪು ತೆರೆದು ಗಾಳಿ ಸಿಕ್ಕಿ ಅಪ್ಪ ಸಡಿಲವಾದ ಗಳಿಗೆ ಅದು. ಈಗ ನೋಡುವವರಿಗೆ ಯಾರೂ ಕಾಪಾಡದೆ ಒಬ್ಬ ಉಸಿರುಗಟ್ಟಿ ಸತ್ತ ಹಾಗೆ ಕಾಣುತ್ತಿತ್ತು. ಹಾಲಿನಲ್ಲಿ ಒಂದು ನಗೆಯಿಲ್ಲ. ಅಷ್ಟೂ ಹೊತ್ತು ನಕ್ಕವರು ತೆಪ್ಪಗೆ ಕೂತಿದ್ದರು. "ಪಾಪ" ಎಂದಳು ಪಕ್ಕದ ಹುಡುಗಿ, ಮೆಲ್ಲಗೆ.

ಅಪ್ಪನ ಹಿಡಿತ ಅವನ ಮಣಿಕಟ್ಟಿನಿಂದ ಸಡಿಲಿತು. ಆ ಕೈ ನಿಧಾನವಾಗಿ ಮೇಲೆದ್ದು ಕತ್ತಿನ ಹಿಂಭಾಗಕ್ಕೆ ಹೋಯಿತು, ಕಾಲರಿನ ಕೆಳಗೆ ಏನನ್ನೋ ಹುಡುಕಿತು, ಅಲ್ಲೇ ನಿಂತಿತು. ಪರದೆಯ ಬೆಳಕು ಕನ್ನಡಕದ ಮೇಲೆ ಬಿದ್ದು ಅದರ ಹಿಂದೆ ಅಪ್ಪನ ಕಣ್ಣುಗಳು ಅಗಲವಾಗಿ ತೆರೆದಿರುವುದು ಅವನಿಗೆ ಕಾಣುತ್ತಿತ್ತು. ರೆಪ್ಪೆ ಹೊಡೆಯಲಿಲ್ಲ ಅಪ್ಪ. ಹೀರೋ ಹೀರೋಯಿನ್ನು ಗುಡ್ಡ ಹತ್ತಿ ಹೋದರು, ಜರಡಿ ಮುಳುಗಿತು, ದೀಪಗಳು ಹತ್ತಿದವು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಫ್ಲರಿನವನು ಬಂದು ಕೈ ಕುಲುಕಿ, "ಸಾರ್, ಕೊನೇ ಸೀನಲ್ಲಿ ಏನು ಆಕ್ಟಿಂಗ್ ಸಾರ್!" ಎಂದ. ಅಪ್ಪ ತಲೆಯಾಡಿಸಿದ. ಹಾಲು ಖಾಲಿಯಾಗುವ ತನಕ ತಲೆಯಾಡಿಸುತ್ತಲೇ ಇದ್ದ.

ಕುರ್ಚಿಗಳನ್ನು ಮಡಚುವ ಸದ್ದು ಹಿಂದಿನ ಸಾಲಿನಿಂದ ಹತ್ತಿರ ಹತ್ತಿರ ಬರುತ್ತಿತ್ತು. ಈಗ ಹೇಳಬೇಕು. ಅವನು ಬಾಯಿ ತೆರೆದ.

"ನಂಗೆ ಕಣ್ಣು ಹತ್ತಿತಾ?" ಎಂದು ಅಪ್ಪ ಕೇಳಿದ. ಖಾಲಿ ಪರದೆಯನ್ನು ನೋಡುತ್ತಿದ್ದ.

ಅಪ್ಪ ಕಾಯುತ್ತಿದ್ದ. ಯಾವುದೋ ಉತ್ತರಕ್ಕಲ್ಲ, ಹೌದೆಂಬ ಆ ಒಂದೇ ಉತ್ತರಕ್ಕೆ.

"ಹೂಂ" ಎಂದ ಅವನು. "ಸ್ವಲ್ಪ ಹೊತ್ತು."

"ಬಂದ್ಲಾ?"

"ಬಂದ್ಲು."

"ನಕ್ಕರಾ ಎಲ್ಲಾ?"

"ಬಿದ್ದು ಬಿದ್ದು ನಕ್ಕರಪ್ಪ. ಶಿಳ್ಳೆ ಹೊಡೆದ್ರು."

ಅಪ್ಪ ತೊಡೆಯ ಮೇಲೆ ಒಂದು ಜಾಗವನ್ನು ಅಂಗೈಯಿಂದ ಸವರಿಕೊಂಡ. ಕನ್ನಡಕ ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದ. ಏಳಲು ಮಗ ಕೈ ನೀಡಿದಾಗ ಹಿಡಿದುಕೊಂಡ, ಎದ್ದ, ಇಸ್ತ್ರಿ ಮುದುಡಿದ ಅಂಗಿಯನ್ನು ಕೆಳಕ್ಕೆ ಜಗ್ಗಿಕೊಂಡ.

"ಎಬ್ಬಿಸು ಅಂದಿದ್ನಲ್ಲೋ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡು. ಇನ್ನೊಂದ್ಸಲ ಹಾಕಿದಾಗ ಮರೀಬೇಡ."